ಶಶಿಗೆಂದು ಕೊಂಡ ಹನ್ನೊಂದು ಫ್ರಾಕು

೧೯೮೪ರ ಬೇಸಿಗೆ. ಮೂರು ವರ್ಷವಾದ ಮೇಲೆ ನಾವು ದುಬೈನಿಂದ ಮೊದಲ ಸಲ ರಜೆಯ ಮೇಲೆ ಅಜ್ಜಂಪುರಕ್ಕೆ ಬಂದಿದ್ದೆವು. ಬರುವಾಗ ನಮ್ಮ ಸಾಮಾನಿನ ಜೊತೆ ಒಂದು ನೀಲಿ ಸೂಟ್‌ಕೇಸ್ ಇತ್ತು. ಅದರ ತುಂಬ ಇದ್ದದ್ದು ನನ್ನ ಹಿರಿಯ ಮಗಳು ಶಶಿಗೆಂದು ಕೊಂಡ ಬಟ್ಟೆಗಳು. ಆ ಸೂಟ್‌ಕೇಸ್ ತೆರೆದ ಮಧ್ಯಾಹ್ನ ನನ್ನ ಬಾಯಿಂದ ಬಂದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಮರೆಯಲು ನೋಡಿದ್ದೇನೆ, ಆಗಿಲ್ಲ.

ನಾವು ಅಲ್ಲಿಗೆ ಹೋದದ್ದು ಹೇಗೆಂದು ಮೊದಲು ಹೇಳಬೇಕು. ನಮ್ಮ ಯಜಮಾನರು ತರೀಕೆರೆಯಲ್ಲಿ ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಕೈಗುಣ ಒಳ್ಳೆಯದು, ಬಾಯಿ ಕಡಿಮೆ. ಕಡೂರಿನ ಸ್ನೇಹಿತರೊಬ್ಬರ ಮೂಲಕ ಅವರಿಗೆ ದುಬೈನ ಒಂದು ಕಂಪನಿಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವರು ಹೋಗಿ ಎರಡು ವರ್ಷವಾದ ಮೇಲೆ, ೧೯೮೧ರಲ್ಲಿ, ಸಂಸಾರವನ್ನು ಕರೆಸಿಕೊಳ್ಳಲು ಕಂಪನಿಯವರು ಒಪ್ಪಿದರು. ಆದರೆ ಟಿಕೆಟ್ಟು ಹೆಂಡತಿಗೆ ಮತ್ತು ಇಬ್ಬರು ಮಕ್ಕಳಿಗೆ ಮಾತ್ರ. ನಮಗಿದ್ದವರು ಮೂವರು.

ಗಿರೀಶನಿಗೆ ಆಗ ಒಂದೂವರೆ ವರ್ಷ, ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಸುಮಾಗೆ ನಾಲ್ಕು. ಶಶಿಗೆ ಏಳು, ಎರಡನೇ ಕ್ಲಾಸು ಮುಗಿಸಿದ್ದಳು. "ಶಶಿ ದೊಡ್ಡೋಳಲ್ವಾ, ಅರ್ಥ ಮಾಡ್ಕೋತಾಳೆ ಬಿಡು" ಎಂದರು ಎಲ್ಲರೂ. ಏಳು ವರ್ಷದವಳು ದೊಡ್ಡವಳು ಹೇಗಾದಾಳು ಎಂದು ಯಾರೂ ಕೇಳಲಿಲ್ಲ. ಹೆತ್ತವಳು ನಾನೂ ಕೇಳಲಿಲ್ಲ. ಅಜ್ಜಂಪುರದಲ್ಲಿ ನಮ್ಮ ಯಜಮಾನರ ಅಣ್ಣ, ಅತ್ತಿಗೆ ಇದ್ದರು. ಭಾವನವರಿಗೆ ಶೇಂಗಾ, ಮೆಣಸಿನಕಾಯಿ ವ್ಯಾಪಾರ. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿ ರುದ್ರಮ್ಮನನ್ನು ನಾನು ರುದ್ರಕ್ಕ ಎಂದು ಕರೆಯುತ್ತಿದ್ದೆ. ಶಶಿಯನ್ನು ಅವರ ಮಡಿಲಿಗೆ ಹಾಕಿ ಹೊರಟೆ.

ಬೀರೂರು ಸ್ಟೇಷನ್ನಿನಲ್ಲಿ ಶಶಿ ಅಳಲಿಲ್ಲ. ಕಿಟಕಿಯ ಹತ್ತಿರ ಬಂದು, "ಅಮ್ಮ, ಎಷ್ಟ್ ಭಾನುವಾರ ಆದ್ಮೇಲೆ ಬತ್ತೀಯಾ?" ಎಂದಳು. ನಾನು, "ಬೇಗ ಬತ್ತೀನಿ ಕಣೇ" ಎಂದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು.

ದುಬೈನಲ್ಲಿ ಶುಕ್ರವಾರ ರಜೆ. ಬೇರೆ ದಿನವೆಲ್ಲ ಮನೆಯೊಳಗೇ ಇರುತ್ತಿದ್ದ ನಮಗೆ ಶುಕ್ರವಾರ ಸಂಜೆ ಬಂದರೆ ಸಾಕು, ಹಬ್ಬ. ಊರಿನ ನಡುವೆ ಆಗ ತಾನೇ ಒಂದು ಭಾರಿ ಅಂಗಡಿಗಳ ಕಟ್ಟಡ ಎದ್ದಿತ್ತು. ಈಗ ಅಂಥದ್ದನ್ನು ಮಾಲ್ ಎನ್ನುತ್ತಾರೆ. ಆಗ ನಮ್ಮ ಬಾಯಲ್ಲಿ ಅದು ‘ಸೆಂಟರು’. ಅಜ್ಜಂಪುರದ ಸಂತೆಮಾಳವನ್ನು ಒಳಗೆ ತಂದು ಮೇಲೊಂದು ಸೂರು ಹಾಕಿ, ಸದ್ದು, ಧೂಳು ಎರಡನ್ನೂ ತೆಗೆದುಬಿಟ್ಟರೆ ಹೇಗಿರುತ್ತದೋ ಹಾಗೆ. ಹೊರಗೆ ಬಾಣಲೆಯಂಥ ಬಿಸಿಲು, ಒಳಗೆ ಶಾಲು ಹೊದೆಯುವಷ್ಟು ಚಳಿ. ಮೊದಲ ದಿನ ಓಡುವ ಮೆಟ್ಟಿಲು ನೋಡಿ ಸೆರಗು ಸಿಕ್ಕಿಹಾಕಿಕೊಂಡೀತೆಂದು ನಾನು ಕೆಳಗೇ ನಿಂತುಬಿಟ್ಟಿದ್ದೆ. ನಾಲ್ಕು ವರ್ಷದ ಸುಮಾ ಆಗಲೇ ಮೇಲಕ್ಕೆ ಹೋಗಿ ಅಲ್ಲಿಂದ, "ಬಾರಮ್ಮ, ಏನೂ ಆಗಲ್ಲ" ಎಂದು ಕೂಗಿದ್ದಳು. ಯಜಮಾನರು ಅದನ್ನು ಹೇಳಿಕೊಂಡು ವರ್ಷವಿಡೀ ನಕ್ಕರು.

ಮಕ್ಕಳಿಗೆ ಒಂದೊಂದು ಐಸ್‌ಕ್ರೀಮ್, ಕಾಸು ಹಾಕಿದರೆ ಕುಣಿಯುವ ಕುದುರೆಯ ಮೇಲೆ ಒಂದೊಂದು ಸರದಿ, ಆಮೇಲೆ ಗಾಜಿನ ಆಚೆಗಿನ ಸಾಮಾನು ನೋಡುತ್ತ ತಿರುಗಾಟ. ಇಷ್ಟೇ ನಮ್ಮ ಶುಕ್ರವಾರ. ಇದನ್ನೆಲ್ಲ ನಾನು ಶಶಿಗೆ ಕಾಗದದಲ್ಲಿ ಬಿಡದೆ ಬರೆಯುತ್ತಿದ್ದೆ. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವಳೂ ಗುಂಡಗಿನ ಅಕ್ಷರದಲ್ಲಿ, "ಓಡುವ ಮೆಟ್ಟಿಲ ಮೇಲೆ ಗಿರೀಶನನ್ನು ಗಟ್ಟಿಯಾಗಿ ಹಿಡಿದುಕೊಳ್ಳಿರಿ. ನಮ್ಮ ಕ್ಲಾಸಿನಲ್ಲಿ ನಿಮ್ಮ ಕಾಗದ ಓದಿದೆನು. ಯಾರೂ ನಂಬಲಿಲ್ಲ" ಎಂದು ಬರೆಯುತ್ತಿದ್ದಳು. ಓದಿ ನಾನು ನಗುತ್ತಿದ್ದೆ. ತನ್ನನ್ನು ಬಿಟ್ಟು ಉಳಿದವರೆಲ್ಲ ಐಸ್‌ಕ್ರೀಮ್ ತಿಂದ ಸುದ್ದಿಯನ್ನು ಆ ಮಗು ಎದ್ದು ನಿಂತು ಓದುತ್ತಿತ್ತು ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಸೆಂಟರಿಗೆ ಹೋದಾಗಲೆಲ್ಲ ಮಕ್ಕಳ ಬಟ್ಟೆಯಂಗಡಿಯ ಮುಂದೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಶಶಿಗೊಂದು ಫ್ರಾಕು. ಎರಡು ಮೂರು ತಿಂಗಳಿಗೊಂದು, ರಿಯಾಯಿತಿಗೆ ಸಿಕ್ಕಾಗ. ಅಳತೆಗೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಊರು ಬಿಡುವಾಗ ಶಶಿಯನ್ನು ಅಪ್ಪಿಕೊಂಡಿದ್ದೆನಲ್ಲ, ಅವಳ ನೆತ್ತಿ ನನ್ನ ಕುಪ್ಪಸದ ಅಂಚಿಗಿಂತ ನಾಲ್ಕು ಬೆರಳು ಕೆಳಗೆ ಬರುತ್ತಿತ್ತು. ಆ ಜಾಗ ನನ್ನ ಮೈಗೆ ನೆನಪಿತ್ತು. ಅಂಗಡಿಯಲ್ಲಿ ಯಾರಾದರೂ ಹೆಣ್ಣುಮಗು ಓಡಾಡುತ್ತಿದ್ದರೆ ಪಕ್ಕಕ್ಕೆ ಹೋಗಿ ನಿಲ್ಲುವುದು, ನೆತ್ತಿ ಆ ಜಾಗಕ್ಕೆ ಬಂದರೆ ಆ ಮಗುವಿನ ಬೆನ್ನಿಗೆ ಫ್ರಾಕು ಹಿಡಿದು ನೋಡುವುದು. ಆ ಮಕ್ಕಳ ತಾಯಂದಿರು ಈ ಸೀರೆಯುಟ್ಟ ಹೆಂಗಸಿಗೆ ತಲೆ ಕೆಟ್ಟಿದೆಯೇನೋ ಎಂದು ನೋಡುತ್ತಿದ್ದರು. ನಾನು ನಕ್ಕು, "ಇಂಡಿಯಾ, ಡಾಟರ್, ಸೇಮ್ ಸೇಮ್" ಎನ್ನುತ್ತಿದ್ದೆ. ನನ್ನ ಇಂಗ್ಲಿಷು ಅಷ್ಟೇ.

ನಮ್ಮ ಯಜಮಾನರು ಒಂದೆರಡು ಸಲ, "ಬೆಳೆದಿರ್ತಾಳೆ ಕಣೇ, ದೊಡ್ಡ ಸೈಜಿಂದೇ ತಗೋ" ಎಂದರು.

"ನನ್ ಮಗಳು ಎಷ್ಟಿದಾಳೆ ಅಂತ ನಂಗೊತ್ತಿಲ್ವಾ? ನೀವು ಸುಮ್ನಿರ್ರೀ" ಎಂದು ಬಾಯಿ ಮುಚ್ಚಿಸಿದ್ದೆ. ಅವರಾದರೂ ಎರಡನೇ ಮಾತು ಆಡುವವರಲ್ಲ.

ಎರಡನೆಯ ವರ್ಷ ಒಂದು ಶುಕ್ರವಾರ ಹಾಲುಕೆನೆ ಬಣ್ಣದ, ಕೊರಳ ಸುತ್ತ ಕಸೂತಿಯಿದ್ದ ಫ್ರಾಕೊಂದನ್ನು ಹಿಡಿದು ಮಗು ಹುಡುಕುತ್ತಿದ್ದೆ. ಅರಬ್ಬಿ ಹೆಂಗಸೊಬ್ಬಳ ಜೊತೆಗಿದ್ದ ಗುಂಗುರು ಕೂದಲಿನ ಹುಡುಗಿ ಸರಿಯಾಗಿ ಆ ಜಾಗಕ್ಕೆ ಬಂದಳು. ಮಗು ಬೆನ್ನು ತಿರುಗಿಸಿ ನಿಂತು ನಗುತ್ತ ಅಳತೆ ಕೊಟ್ಟಿತು. ತಾಯಿ ಏನೋ ಕೇಳಿದಳು. ಅಂಗಡಿಯಲ್ಲಿದ್ದ ಮಲಯಾಳಿ ಹುಡುಗಿ ಅದನ್ನು ನನಗೆ ತಿಳಿಯುವಂತೆ ಹೇಳಿದಳು. ನಿನ್ನ ಮಗಳನ್ನು ನೋಡಿ ಎಷ್ಟು ದಿನವಾಯಿತು ಎಂದು ಕೇಳುತ್ತಿದ್ದಾರೆ ಎಂದಳು. ಎರಡು ವರ್ಷ ಎಂದೆ. ಆ ಹೆಂಗಸು ತನ್ನ ಮಗಳ ನೆತ್ತಿಯ ಮೇಲೆ ಕೈಯಿಟ್ಟು, ಆ ಕೈಯನ್ನು ನಿಧಾನವಾಗಿ ಮೇಲಕ್ಕೆ ಎತ್ತಿ ತೋರಿಸಿದಳು. ಇಷ್ಟಾಗಿರುತ್ತಾಳೆ ಎಂದು. ಭಾಷೆಯೇ ಬೇಕಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇವಳ್ಯಾರು ನನ್ನ ಮಗಳ ಎತ್ತರ ಹೇಳಲಿಕ್ಕೆ ಎಂದುಕೊಂಡು ಅದೇ ಫ್ರಾಕನ್ನು ಕಟ್ಟಿಸಿಕೊಂಡು ಬಂದೆ.

ಸುಮಾಗೂ ಆ ಫ್ರಾಕುಗಳ ಮೇಲೆ ಕಣ್ಣು. "ಅಕ್ಕಂದು, ಮುಟ್ಬೇಡ" ಎಂದು ನೂರು ಸಲ ಗದರಿದ್ದೇನೆ. ಮನೆಯಲ್ಲಿ ನೀಲಿ ಸೂಟ್‌ಕೇಸ್ ತೆರೆದರೆ ಸಾಕು, ಅವಳು ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದಳು. ಅವಳಿಗೆ ನಾನು ಕೊಡಿಸುತ್ತಿದ್ದದ್ದು ಬೀದಿಬದಿಯ ಅಂಗಡಿಯ ಅಗ್ಗದ ಬಟ್ಟೆ. ಜೊತೆಗಿರುವವಳಿಗೆ ಏನಾದರೂ ನಡೆಯುತ್ತದೆ, ಬಿಟ್ಟುಬಂದವಳಿಗೆ ಒಳ್ಳೆಯದೇ ಆಗಬೇಕು ಎಂದು ನನ್ನ ಲೆಕ್ಕಾಚಾರ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ನಾವು ದುಬೈಗೆ ಹೋದ ವರ್ಷವೇ ದಸರೆಯ ಹೊತ್ತಿಗೆ ಅಜ್ಜಂಪುರದಿಂದ ದಪ್ಪ ಲಕೋಟೆಯೊಂದು ಬಂತು. ಅದರಲ್ಲಿ ಶಶಿಯ ಕಾಗದ, ಒಂದು ವಿಭೂತಿ ಪೊಟ್ಟಣ, ಮೂರು ಗಂಟು ಹಾಕಿದ ಒಂದು ಕರಿದಾರ ಇದ್ದವು. "ದೊಡ್ಡಮ್ಮ ಮಠಕ್ಕೆ ಹೋಗಿದ್ದರು. ವಿಭೂತಿ ಮತ್ತು ದಾರ ಇಟ್ಟಿದ್ದೇವೆ" ಎಂದು ಶಶಿ ಬರೆದಿದ್ದಳು. ನಮ್ಮ ಮಠದಲ್ಲಿ ಮಕ್ಕಳಿಗೆ ದೃಷ್ಟಿ ತಾಗದಿರಲೆಂದು ದಾರಕ್ಕೆ ಗಂಟು ಹಾಕಿ ಕೊಡುವುದುಂಟು. ನಾನು ಕಣ್ಣಿಗೊತ್ತಿಕೊಂಡು ಅದನ್ನು ಗಿರೀಶನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಉಡಿದಾರ ಕಟ್ಟಿದೆ. ಅಲ್ಲಿಂದ ಮುಂದೆ ಯುಗಾದಿಗೊಂದು, ದಸರೆಗೊಂದು ದಾರ ಬರುತ್ತಲೇ ಇತ್ತು. ಒಂದನ್ನು ಸುಮಾಳ ಕೈಗೆ ಕಟ್ಟಿದೆ. ಒಂದನ್ನು ಯಜಮಾನರ ಟೂಲ್‌ಬಾಕ್ಸಿಗೆ ಕಟ್ಟಿದೆ. ಒಂದು ದೇವರ ಪಟದ ಮುಂದೆ ಇತ್ತು. ಕಡೆಯದು ಬಂದಾಗ ಗಿರೀಶನ ಹಳೆಯ ಉಡಿದಾರ ಬಿಚ್ಚಿ ಅದನ್ನು ಕಟ್ಟಿದೆ. ರುದ್ರಕ್ಕನಿಗೆ ನಮ್ಮ ಮೇಲೆ ಎಷ್ಟು ಅಕ್ಕರೆ ಎಂದು ಮನಸ್ಸು ತುಂಬಿ ಬರುತ್ತಿತ್ತು.

ಸರಿ, ರಜೆ ಸಿಕ್ಕಿತು. ಈ ಸಲ ವಾಪಸ್ಸು ಹೋಗುವಾಗ ಶಶಿಯನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಅವಳ ಟಿಕೆಟ್ಟು ನಮ್ಮದೇ ಖರ್ಚಿನಲ್ಲಿ, ಪಾಸ್‌ಪೋರ್ಟನ್ನು ಭಾವನವರು ಮೊದಲೇ ಮಾಡಿಸಿಟ್ಟಿದ್ದರು. ಶಶಿ ಹೋದ ಕಾಗದದಲ್ಲಿ, "ನನ್ನ ಜಾಮಿಟ್ರಿ ಬಾಕ್ಸ್ ತರಬಹುದೇ?" ಎಂದು ಕೇಳಿದ್ದಳು.

ಬೊಂಬಾಯಿಗೆ ಇಳಿದು, ಅಲ್ಲಿಂದ ಗಾಡಿ ಬದಲಾಯಿಸಿಕೊಂಡು ಬಂದೆವು. ಎಕ್ಸ್‌ಪ್ರೆಸ್ ಗಾಡಿ ಅಜ್ಜಂಪುರದಲ್ಲಿ ನಿಲ್ಲುವುದಿಲ್ಲ, ಬೀರೂರಿನಲ್ಲಿ ಇಳಿದು ಹಿಂದಕ್ಕೆ ಬರಬೇಕು. ಶಿವನಿ ನನ್ನ ತವರು. ಅದು ದಾಟಿದ ಮೇಲೆ ನಾನು ಬಾಗಿಲ ಹತ್ತಿರ ಬಂದು ನಿಂತೆ. ಗಾಡಿ ಅಜ್ಜಂಪುರ ಸ್ಟೇಷನ್ನನ್ನು ಹಾಯುವಾಗ ಪ್ಲಾಟ್‌ಫಾರಮ್ಮಿನ ಮೇಲೆ ರುದ್ರಕ್ಕ ಕಂಡರು! ನಾವು ಬರುವ ಗಾಡಿ ತಿಳಿದು ನೋಡಲಿಕ್ಕೆಂದೇ ಬಂದಿದ್ದರು. ಪಕ್ಕದಲ್ಲಿ ಯಾವಳೋ ಎತ್ತರದ ಹುಡುಗಿ ಎರಡೂ ಕೈ ಬೀಸುತ್ತಿದ್ದಳು. ನಾನು ರುದ್ರಕ್ಕನ ಸೀರೆಯ ಸಂದಿಯಲ್ಲೆಲ್ಲ ಶಶಿಯನ್ನು ಹುಡುಕಿದೆ. ಗಾಡಿ ಮುಂದೆ ಹೋಯಿತು.

"ಅಕ್ಕ ಯಾಕೆ ಶಶೀನ ಕರ್ಕೊಂಡು ಬಂದಿಲ್ಲ?" ಎಂದು ಯಜಮಾನರನ್ನು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಲೇ, "ಬಂದಿದ್ಲಲ್ಲೇ" ಎಂದರು.

ಬೀರೂರಿನಿಂದ ಕಾರು ಮಾಡಿಕೊಂಡು ಮನೆ ತಲುಪಿದೆವು. ಆ ಎತ್ತರದ ಹುಡುಗಿ ಬಾಗಿಲಲ್ಲಿ ನೀರಿನ ಚೆಂಬು ಹಿಡಿದು ನಿಂತಿದ್ದಳು. ಅಪ್ಪಿಕೊಂಡಾಗ ಅವಳ ನೆತ್ತಿ ನನ್ನ ಕೊರಳ ಹತ್ತಿರ ಬಂತು. ಹತ್ತು ವರ್ಷಕ್ಕೆ ಅಪ್ಪನ ಕಡೆಯ ಎತ್ತರವೆಲ್ಲ ಬಂದುಬಿಟ್ಟಿತ್ತು. ನನ್ನ ತೋಳಿಗೆ ಗೊತ್ತಿದ್ದದ್ದು ಬೇರೆ ಮೈ. ಎಲ್ಲಿ ಹಿಡಿಯಬೇಕು, ಎಷ್ಟು ಬಗ್ಗಬೇಕು ತಿಳಿಯದೆ ಬೇಗನೇ ಬಿಟ್ಟುಬಿಟ್ಟೆ.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ನೀಲಿ ಸೂಟ್‌ಕೇಸ್ ತೆರೆದೆ. ದುಬೈ ಸಾಮಾನು ನೋಡಲು ಪಕ್ಕದ ಮನೆಯ ಗೌರಮ್ಮನೂ ಇನ್ನು ನಾಲ್ಕೈದು ಹೆಂಗಸರೂ ಬಂದು ಕೂತಿದ್ದರು. ಶಶಿಯ ಮುಖ ಆಗ ಎಷ್ಟು ಅರಳಿತ್ತೆಂದರೆ, ನನಗೆ ಬರೆಯಲು ಕಷ್ಟವಾಗುತ್ತದೆ. ಹನ್ನೊಂದು ಫ್ರಾಕು, ಎರಡು ಜೊತೆ ಶೂ. ಒಂದೊಂದನ್ನೂ ಎತ್ತಿ ತೋರಿಸುತ್ತ, ಇದು ಯಾವ ಶುಕ್ರವಾರ ಕೊಂಡದ್ದು ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಆ ಹಾಲುಕೆನೆ ಬಣ್ಣದ್ದು ತುಂಬ ಚೆನ್ನಾಗಿದೆ ಎಂದು ಎಲ್ಲರೂ ಅಂದರು. "ಹಾಕ್ಕೊಂಡ್ ತೋರ್ಸೇ ಶಶಿ" ಎಂದರು ಗೌರಮ್ಮ.

ಶಶಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾನೇ ಕರೆದೆ. ಬಂದಳು. ಫ್ರಾಕು ಭುಜದಲ್ಲಿ ಸಿಕ್ಕಿಕೊಂಡು ಒಂದು ತೋಳು ಮಾತ್ರ ಒಳಗೆ ಹೋಗಿತ್ತು. ಬೆನ್ನಿನ ಗುಂಡಿಗಳು ಗೇಣು ದೂರ. ಅಂಚು ತೊಡೆಯ ನಡುವಿಗೆ ನಿಂತಿತ್ತು. ಇನ್ನೊಂದು ನೋಡು, ಮತ್ತೊಂದು ನೋಡು ಎಂದು ಐದಾರು ಹಾಕಿಸಿದೆ. ಯಾವುದೂ ಆಗಲಿಲ್ಲ. ಶೂ ಅಂತೂ ಹೆಬ್ಬೆರಳಿಗೇ ನಿಂತಿತು.

"ಏನವ್ವಾ, ದುಬೈನಾಗೆ ಬಟ್ಟೆಗೆ ಬರವಾ?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಕೆಟ್ಟ ನಗೆಯೇನಲ್ಲ, ತಮಾಷೆ ಅಷ್ಟೇ. ಆದರೆ ನನಗೆ ಮುಖಕ್ಕೆ ಹೊಡೆದಂತಾಯಿತು. ಮೂರು ವರ್ಷ ನಾನು ಕೂಡಿಟ್ಟದ್ದೆಲ್ಲ ಹೆಂಗಸರ ನಗೆಗೆ ಈಡಾಯಿತಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಬರಬೇಕಿತ್ತೋ ಅವಳ ಮೇಲೆ, ಅಂದರೆ ನನ್ನ ಮೇಲೆ, ಬರಲಿಲ್ಲ.

"ಹಿಂಗ್ ಉದ್ದುದ್ದ ಬೆಳ್ಕೊಂಡು ನಿಂತ್ರೆ ಯಾರೇನ್ ಮಾಡಕ್ಕಾಗುತ್ತೆ? ನೋಡಿ ನೋಡಿ ಆರ್ಸಿ ತಂದಿದ್ದೆಲ್ಲಾ ದಂಡ ಮಾಡ್ಬಿಟ್ಯಲ್ಲೇ!" ಎಂದೆ.

ಶಶಿ ತೋಳಿನಿಂದ ಫ್ರಾಕು ಬಿಡಿಸಿಕೊಳ್ಳುತ್ತಿದ್ದಳು. ತಲೆ ತಗ್ಗಿಸಿ, "ತಪ್ಪಾಯ್ತಮ್ಮ" ಎಂದಳು.

ಬೆಳೆದದ್ದಕ್ಕೆ ನನ್ನ ಮಗಳು ನನ್ನಲ್ಲಿ ತಪ್ಪು ಒಪ್ಪಿಕೊಂಡಳು. ಅಷ್ಟರಲ್ಲಿ ಸುಮಾ ಮೆಲ್ಲಗೆ ಸೂಟ್‌ಕೇಸಿನ ಹತ್ತಿರ ಬಂದು, "ಅಮ್ಮ, ಹಂಗಾದ್ರೆ ಇವೆಲ್ಲಾ ನಂದಾ?" ಎಂದು ಕೇಳಿದಳು. ಮೂರು ವರ್ಷ ಕೈ ಹಿಂದೆ ಕಟ್ಟಿಕೊಂಡು ನಿಂತವಳು ಅವಳು. ಅವಳನ್ನೂ ಬೈಯುವಂತಿರಲಿಲ್ಲ. ಏಳು ವರ್ಷದ ಸುಮಾಗೆ ಆ ಹನ್ನೊಂದೂ ಹೊಲಿಸಿದಂತೆ ಇದ್ದವು.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ ರುದ್ರಕ್ಕ ಬಾಯಿ ಬಿಟ್ಟರು. ಅಲ್ಲಿಯವರೆಗೂ ಅವರು ಸೆರಗು ಬಾಯಿಗೆ ಹಿಡಿದು ಕೂತಿದ್ದರು.

"ಅಲ್ಲ ಕಣೇ, ವರ್ಷಕ್ಕೆರಡ್ ಸಲ ದಾರ ಕಳ್ಸಿದ್ವಲ್ಲ. ಅದನ್ ನೋಡ್ಲಿಲ್ವಾ?"

"ಯಾವ ದಾರ? ಮಠದ್ದಾ?"

"ಮಠದ್ದ್ಯಾಕೆ? ಅಳತೆದು! ಒಂದ್ ಗಂಟು ಭುಜಕ್ಕೆ, ಒಂದು ಸೊಂಟಕ್ಕೆ, ಇನ್ನೊಂದು ಮೊಣಕಾಲಿಗೆ. ಯುಗಾದಿ ದಿನ, ಆಯುಧಪೂಜೆ ದಿನ ಇವಳೇ ಗೋಡೆಗೆ ಒರಗ್ಕೊಂಡು ನಿಂತ್ಕೊಳ್ಳೋಳು. ನಾನು ಹಿಡಿದು ಗಂಟ್ ಹಾಕ್ತಿದ್ದೆ."

"ಕಾಗದದಾಗೆ ಬರೀಬಾರ್ದಿತ್ತಾ ಅಕ್ಕ?"

"ಅದನ್ನೂ ಬರೀಬೇಕಾ? ದಾರ ಕಂಡ್ರೆ ಗೊತ್ತಾಗಲ್ವಾ?"

ಅವರು ಹೇಳಿದ್ದು ಸರಿಯಾಗಿತ್ತು. ನಮ್ಮ ಕಡೆ ಯಾರಾದರೂ ಪೇಟೆಗೆ ಹೊರಟರೆ ಮಗುವಿನ ಮೈಗೆ ದಾರ ಹಿಡಿದು ಗಂಟು ಹಾಕಿ ಕೈಗೆ ಕೊಡುವುದು ವಾಡಿಕೆ. ಮಾತೇ ಬೇಕಿಲ್ಲ. ಚಿಕ್ಕವಳಿದ್ದಾಗ ಶಿವನಿಯಿಂದ ಕಡೂರಿಗೆ ಹೊರಟ ನಮ್ಮ ಮಾವನ ಜೇಬಿಗೆ ನನ್ನ ತಂಗಿಯ ಅಳತೆಯ ದಾರವನ್ನು ನಾನೇ ಹಾಕಿದ್ದೇನೆ. ಮೊದಲ ಸಲ ವಿಭೂತಿಯ ಜೊತೆಗೆ ಬಂತೆಂದು ಅದನ್ನು ಮಠದ್ದೆಂದುಕೊಂಡೆ, ಆಮೇಲೆ ಯೋಚಿಸಲೇ ಇಲ್ಲ. ನನ್ನ ಮಗಳ ಎತ್ತರವನ್ನು ಕಣ್ಣಿಗೊತ್ತಿಕೊಂಡು ಸಿಕ್ಕಸಿಕ್ಕಲ್ಲಿ ಕಟ್ಟಿ, ಅಂಗಡಿಯಲ್ಲಿ ಕಂಡವರ ಮಗಳ ಬೆನ್ನಿಗೆ ಬಟ್ಟೆ ಹಿಡಿದು ನೋಡುತ್ತಿದ್ದೆ.

ಗಿರೀಶ ಅಲ್ಲೇ ಚಡ್ಡಿಯಿಲ್ಲದೆ ಆಡುತ್ತಿದ್ದ. ಶಶಿ ಅವನನ್ನು ಹತ್ತಿರ ಎಳೆದುಕೊಂಡು ಸೊಂಟದ ದಾರದ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇದು ಹೋದ್ ದಸರೆದು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಎದ್ದು ಹಿತ್ತಿಲಿಗೆ ಹೋಗಿ ತೊಟ್ಟಿಯ ನೀರಿನಿಂದ ಮುಖ ತೊಳೆದುಕೊಂಡೆ.

ಮಾರನೇ ವಾರ ಅವಳನ್ನು ಕಡೂರಿಗೆ ಕರೆದುಕೊಂಡು ಹೋಗಿ ಹೊಸ ಬಟ್ಟೆ ಹೊಲಿಯಲು ಹಾಕಿದೆ. ದರ್ಜಿ ಟೇಪು ಹಿಡಿದು, "ಎಷ್ಟಮ್ಮಾ ವಯಸ್ಸು?" ಎಂದರು. ನಾನು ಬಾಯಿತಪ್ಪಿ "ಏಳು" ಎಂದೆ. ಶಶಿ, "ಹತ್ತು" ಎಂದಳು. ದರ್ಜಿ ಒಮ್ಮೆ ನನ್ನನ್ನೂ ಒಮ್ಮೆ ಅವಳನ್ನೂ ನೋಡಿ ಅವಳು ಹೇಳಿದ್ದನ್ನೇ ಬರೆದುಕೊಂಡರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಶಶಿ ಇದ್ದಕ್ಕಿದ್ದಂತೆ, "ಅಲ್ಲಿ ಸೆಂಟರ್‌ನಲ್ಲಿ ಯಾರ ಮೇಲೆ ಅಳತೆ ನೋಡ್ತಿದ್ದೆ ಅಮ್ಮ?" ಎಂದು ಕೇಳಿದಳು. ಆ ಗುಂಗುರು ಕೂದಲಿನ ಹುಡುಗಿಯ ಸಂಗತಿ ಹೇಳಿದೆ. ತಮಾಷೆ ಮಾಡಿ ಹೇಳಿದೆ, ನಗಲಿ ಎಂದು. ಶಶಿ ನಗಲಿಲ್ಲ.

"ಅವಳ ಹೆಸ್ರೇನು?"

"ಯಾರಿಗ್ಗೊತ್ತೇ!"

"ನಂಗಿಂತ ಚೆನ್ನಾಗಿದ್ಲಾ?"

"ಥೂ, ಏನ್ ಮಾತು ಅಂತ ಆಡ್ತೀಯಾ" ಎಂದು ಗದರಿದೆ. ಹತ್ತಿರಕ್ಕೆ ಎಳೆದುಕೊಳ್ಳಬೇಕಾದ ಹೊತ್ತಿನಲ್ಲೆಲ್ಲ ನಾನು ಗದರಿದ್ದೇನೆ, ಅದು ನನ್ನ ಹುಟ್ಟುಗುಣ. ಶಶಿ ಕಿಟಕಿಯ ಕಡೆ ತಿರುಗಿ ಕೂತಳು.

ನಾವು ಹೊರಡಲು ಇನ್ನೊಂದು ವಾರವಿತ್ತು. ಒಂದು ಬೆಳಿಗ್ಗೆ ಶಶಿಗೆ ತಲೆ ಬಾಚಲು ಕೂತೆ. ಅವಳು ತಾನೇ ಎರಡು ಜಡೆ ಹಾಕಿಕೊಳ್ಳಲು ಕಲಿತಿದ್ದಳು. ಆದರೂ ನಾನು ಕೇಳಿದೆನೆಂದು ಮುಂದೆ ಬಂದು ಕೂತಿದ್ದಳು. ಎದುರಿಗೆ ಗೋಡೆಗೆ ಕನ್ನಡಿಯಿತ್ತು. ಜಡೆಯ ಅರ್ಧಕ್ಕೆ ಬಂದಿದ್ದೆ, ಆಗ ಹೇಳಿದಳು.

"ಅಮ್ಮ, ನಾನು ಈ ವರ್ಷ ಬರಲ್ಲ. ಇಲ್ಲೇ ಮಿಡ್ಲ್ ಸ್ಕೂಲಿಗೆ ಸೇರ್ಕೋತೀನಿ. ದೊಡ್ಡಮ್ಮಂಗೂ ಬೇಜಾರಾಗುತ್ತೆ. ನೀವು ಹೋಗ್ಬನ್ನಿ."

ಏಳು ವರ್ಷದವಳಿದ್ದಾಗ ನನ್ನನ್ನು ‘ನೀನು’ ಎನ್ನುತ್ತಿದ್ದಳು. ಬಸ್ಸಿನಲ್ಲೂ ‘ನೀನು’ ಎಂದೇ ಮಾತಾಡಿಸಿದ್ದಳು. ಈಗ ಮನೆಗೆ ಬಂದ ನೆಂಟರನ್ನು ಬೀಳ್ಕೊಡುವ ಹಾಗೆ ಹೋಗಿಬನ್ನಿ ಎಂದಳು. ಅದು ನನಗೆ ಚುಚ್ಚಿತು. ಆದರೆ ಅದೇ ಕ್ಷಣದಲ್ಲಿ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಒಳಗೆಲ್ಲೋ ಒಂದು ಚೂರು ಹಗುರವೂ ಆಯಿತು. ಅಲ್ಲಿಯ ಎರಡು ಕೋಣೆಯ ಮನೆಯಲ್ಲಿ, ನನಗೆ ಗೊತ್ತೇ ಇಲ್ಲದ ಈ ಉದ್ದನೆಯ ಗಂಭೀರ ಹುಡುಗಿಯ ಮುಂದೆ ದಿನಾ ಬೆಳಗಾದರೆ ತಪ್ಪು ಮಾಡಿದವಳ ಹಾಗೆ ಓಡಾಡಬೇಕಲ್ಲ ಎಂದು ಆ ಹದಿನೈದು ದಿನದಿಂದ ನನಗೆ ಅಳುಕಿತ್ತು. ಅದು ತಪ್ಪಿತು ಎನಿಸಿತು. ಒಂದೇ ಒಂದು ಉಸಿರು ಎಳೆಯುವಷ್ಟು ಹೊತ್ತು.

ತಲೆಯೆತ್ತಿದಾಗ ಕನ್ನಡಿಯಲ್ಲಿ ಶಶಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೂಡಲೇ, "ಹಂಗಂದ್ರೆ ಹೆಂಗೆ, ಟಿಕೆಟ್ಟೆಲ್ಲಾ ಆಗಿದೆ, ಬಾ" ಎಂದೆ. ಇನ್ನೂ ಏನೇನೋ ಹೇಳಿದೆ. ಅವಳು ಕನ್ನಡಿಯಿಂದ ಕಣ್ಣು ತೆಗೆದು, "ಜಡೆ ಹಾಕ್ರಮ್ಮ, ಹೊತ್ತಾಗುತ್ತೆ" ಎಂದಳು. ಆ ಮೇಲೆ ಅವರಪ್ಪ ಕೇಳಿದರು, ಭಾವನವರು ಕೇಳಿದರು, ರುದ್ರಕ್ಕನೇ ಅತ್ತು ಹೋಗು ಎಂದರು. ಯಾರು ಹೇಳಿದರೂ ಅವಳು ಒಪ್ಪಲಿಲ್ಲ. ನಾವು ನಾಲ್ಕು ಜನ ಬಂದಿದ್ದವರು ನಾಲ್ಕೇ ಜನ ವಾಪಸ್ಸು ಹೋದೆವು.

ಆಮೇಲೂ ಶುಕ್ರವಾರಗಳು ಬಂದವು. ಮಕ್ಕಳು ಹಟ ಮಾಡಿದರೆಂದು ಸೆಂಟರಿಗೆ ಹೋಗುತ್ತಿದ್ದೆ. ಬಟ್ಟೆಯಂಗಡಿಯ ಕಡೆ ತಿರುಗುತ್ತಿರಲಿಲ್ಲ. ಶಶಿಗೆ ಕಾಗದ ಬರೆಯುವಾಗ ಅಲ್ಲಿಯ ಸುದ್ದಿ ಬಿಟ್ಟು ಬೇರೆಲ್ಲ ಬರೆಯುತ್ತಿದ್ದೆ. ಅವಳ ಕಾಗದಗಳಲ್ಲಿ ಅಕ್ಷರ ಚೆಂದವಾಗುತ್ತ, ವಿಷಯ ಕಡಿಮೆಯಾಗುತ್ತ ಬಂದವು.

೧೯೮೮ರಲ್ಲಿ ನಾವು ದುಬೈ ಬಿಟ್ಟು ತರೀಕೆರೆಯಲ್ಲಿ ನೆಲೆಸಿದೆವು. ಮರುವರ್ಷ ಶಶಿ ಕಾಲೇಜಿಗೆಂದು ನಮ್ಮ ಜೊತೆ ಬಂದು ಇದ್ದಳು. ಮದುವೆಯಾಗುವವರೆಗೆ ಆರು ವರ್ಷ ಒಂದೇ ಸೂರಿನಡಿ ಇದ್ದೆವು. ಒಂದು ದಿನವಾದರೂ ಎದುರು ಮಾತಾಡಲಿಲ್ಲ. ಅದು ಬೇಕು, ಇದು ಬೇಕು ಎನ್ನಲಿಲ್ಲ. ನೆರೆಯವರೆಲ್ಲ, ಹೆತ್ತರೆ ಇಂಥ ಮಗಳನ್ನು ಹೆರಬೇಕು ಎನ್ನುತ್ತಿದ್ದರು. ಸುಮಾ, ಗಿರೀಶ ಕಾಲು ಅಪ್ಪಳಿಸಿ ಹಟ ಹಿಡಿಯುತ್ತಿದ್ದರು, ನನ್ನ ಮೇಲೆ ಕೂಗಾಡುತ್ತಿದ್ದರು. ಅವರನ್ನು ಬೈದು ಮುಗಿಸಿ, ಅಡುಗೆಮನೆಯಲ್ಲಿ ಸದ್ದಿಲ್ಲದೆ ತರಕಾರಿ ಹೆಚ್ಚುತ್ತಿದ್ದ ಶಶಿಯನ್ನು ನೋಡುತ್ತಿದ್ದೆ. ಇವಳೂ ಒಂದು ಸಲ ಹಾಗೆ ಕೂಗಾಡಬಾರದೇ ಎಂದು ಆಸೆಯಾಗುತ್ತಿತ್ತು. ಕೂಗಾಡಲು ಅಮ್ಮ ಎಂಬ ಸಲಿಗೆ ಬೇಕಲ್ಲ. ಅದನ್ನು ನಾನು ಆ ಪಡಸಾಲೆಯಲ್ಲಿ ಸ್ವಲ್ಪ, ಆ ಕನ್ನಡಿಯ ಮುಂದೆ ಪೂರ್ತಿ ಕಳೆದುಕೊಂಡೆ.

ಈಗ ಅವಳಿಗೂ ಸಂಸಾರವಿದೆ. ತಿಂಗಳಿಗೊಮ್ಮೆ ಬಂದು ನನ್ನ ಮಾತ್ರೆ, ಕನ್ನಡಕ ಎಲ್ಲ ಸರಿಯಿದೆಯೇ ನೋಡಿ ಹೋಗುತ್ತಾಳೆ. ಅವತ್ತಿನ ಮಾತು ನಮ್ಮ ನಡುವೆ ಒಮ್ಮೆಯೂ ಬಂದಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬ‍ರುವುದಿಲ್ಲ, ಗದರಲು ಮಾತ್ರ ಬರುತ್ತದೆ. ನಿಮ್ಮ ಪತ್ರಿಕೆಯನ್ನು ಅವಳು ತಪ್ಪದೆ ಓದುತ್ತಾಳೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಶಶಿ, ಕನ್ನಡಿಯಲ್ಲಿ ಅವತ್ತು ನೀನು ಕಂಡದ್ದು ನಿಜ. ನೀನು ಬೇಡವಾಗಿ ಅಲ್ಲ ಮಗಳೇ, ನಿನ್ನ ಮುಂದೆ ನಿಲ್ಲಲು ನನಗೆ ಹೆದರಿಕೆಯಾಗಿತ್ತು. ಮುಂದಿನ ಸಲ ಬಂದಾಗ ಮಾತ್ರೆ ಆಮೇಲೆ ನೋಡುವಿಯಂತೆ. ಮೊದಲು ಬಾಗಿಲು ಹಾಕಿಕೊಂಡು, ನಿನಗೆ ತೋಚಿದ ಹಾಗೆ, ನನ್ನನ್ನು ಒಂದು ಸಲ ಬೈದುಬಿಡು.